ಟೌನ್‌ಹಾಲ್ ಅಂದ್ರೆ ರಂಗಾಚಾರ್ಲು ಹೆಸರು

ಮೈಸೂರು: ದೊಡ್ಡ ಗಡಿಯಾರದ ಹತ್ತಿರ ಇರೋ ಟೌನ್‌ಹಾಲ್ ಯಾರಿಗೆ ಗೊತ್ತಿಲ್ಲ? ಆದ್ರೆ ಅದರ ಪೂರ್ತಿ ಹೆಸರು ರಂಗಾಚಾರ್ಲು ಸ್ಮಾರಕ ಭವನ ಅಂತ ನೆನಪಿಟ್ಟವರು ಕಡಿಮೆ. ಆ ರಂಗಾಚಾರ್ಲು ಹುಟ್ಟಿದ್ದು ಮೈಸೂರಿನಲ್ಲಿ ಅಲ್ಲ.

ಸಿ.ವಿ. ರಂಗಾಚಾರ್ಲು 1831ರಲ್ಲಿ ಚೆಂಗಲ್ಪಟ್ಟು ಸೀಮೆಯಲ್ಲಿ ಹುಟ್ಟಿದರು. ಮದ್ರಾಸ್ ಸರ್ಕಾರದಲ್ಲಿ ಗುಮಾಸ್ತರಾಗಿ ಕೆಲಸಕ್ಕೆ ಸೇರಿದರು. ಕಂದಾಯ ಇಲಾಖೆಯ ಲಂಚದ ಬಗ್ಗೆ ಆಗಲೇ ಕಿರುಪುಸ್ತಕ ಬರೆದರು. ಸರ್ಕಾರಿ ನೌಕರಿಯಲ್ಲಿದ್ದುಕೊಂಡು ಹಾಗೆ ಬರೆಯೋದಕ್ಕೆ ಗುಂಡಿಗೆ ಬೇಕು. 1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡಾಗ ಅರಮನೆಯ ಲೆಕ್ಕಪತ್ರ ಸರಿಮಾಡಲು ಅವರನ್ನು ಇಲ್ಲಿಗೆ ಕರೆಸಿದರು. ಬಂದವರು ಇಲ್ಲಿಯವರೇ ಆಗಿಬಿಟ್ಟರು. 1874ರಲ್ಲಿ ಬ್ರಿಟಿಷರ ಆಡಳಿತದ ದುಬಾರಿ ಖರ್ಚನ್ನು ಟೀಕಿಸಿ ಲಂಡನ್‌ನಲ್ಲಿ ಪುಸ್ತಕ ಪ್ರಕಟಿಸಿದಾಗ ತಮ್ಮ ಹೆಸರು ಹಾಕದೆ, ಮೈಸೂರಿನವನೊಬ್ಬ ಎಂದಷ್ಟೇ ಹಾಕಿಕೊಂಡರು.

1881ರ ಮಾರ್ಚ್ 25ರಂದು ರಾಜ್ಯ ಒಡೆಯರ ಕೈಗೆ ವಾಪಸ್ ಬಂತು, ರಂಗಾಚಾರ್ಲು ದಿವಾನರಾದರು. ಬೊಕ್ಕಸ ಬರಿದಾಗಿತ್ತು. ಸುಮಾರು 10 ಲಕ್ಷ ಜನರನ್ನು ನುಂಗಿದ ಕ್ಷಾಮ ಆಗಷ್ಟೇ ಮುಗಿದಿತ್ತು, ರಾಜ್ಯದ ತಲೆ ಮೇಲೆ 80 ಲಕ್ಷ ರೂಪಾಯಿ ಸಾಲ. ದಿವಾನರು ಖರ್ಚಿಗೆ ಕತ್ತರಿ ಹಾಕಿದರು. ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನೇ ರದ್ದು ಮಾಡಿಬಿಟ್ಟರು! ಅವು ಮತ್ತೆ ಜಿಲ್ಲೆಗಳಾಗಿದ್ದು 1886ರಲ್ಲಿ. ಆ ಕಡೆಯವರಿಗೆ ಕಚೇರಿ ಕೆಲಸಕ್ಕೆ ದೂರದ ಊರಿಗೆ ಅಲೆಯೋ ಪಾಡು ಬಂತು; ಈ ಒಂದು ವಿಷಯದಲ್ಲಿ ದಿವಾನರು ಅತಿ ಮಾಡಿದರು ಅನ್ನಬೇಕು.

ಆದ್ರೆ ಅದೇ ವರ್ಷ ಅವರು ಇನ್ನೊಂದು ಕೆಲಸಕ್ಕೂ ಕೈ ಹಾಕಿದರು. ಆಗಸ್ಟ್‌ನಲ್ಲಿ ಆದೇಶ ಹೊರಟಿತು: ಪ್ರತಿ ತಾಲ್ಲೂಕಿನಿಂದ ತಿಳಿವಳಿಕೆ ಇರೋ, ಜನರಲ್ಲಿ ಮಾತು ನಡೆಯೋ ಒಬ್ಬಿಬ್ಬರು ರೈತರು ಬರಬೇಕು, ವ್ಯಾಪಾರಸ್ಥರೂ ಬರಬೇಕು. ಅಕ್ಟೋಬರ್ 7ರಂದು, ದಸರಾ ಹೊತ್ತಿಗೆ, 144 ಮಂದಿಯ ಪ್ರಜಾಪ್ರತಿನಿಧಿ ಸಭೆ ಸೇರಿತು. ದೇಶದ ಬೇರಾವ ಸಂಸ್ಥಾನದಲ್ಲೂ ಅಂಥದ್ದು ಇರಲಿಲ್ಲ. ಸಭೆಗೆ ಕಾನೂನು ಮಾಡೋ ಅಧಿಕಾರ ಇರಲಿಲ್ಲ, ಸದಸ್ಯರನ್ನು ಜನ ಆರಿಸಿಯೂ ಇರಲಿಲ್ಲ. ಬರೀ ಕೇಳೋ ಸಭೆ ಅಂತ ತಳ್ಳಿಹಾಕಬಹುದು. ಆದ್ರೆ ಹಿಂದಿನ ವರ್ಷದ ಆಡಳಿತ, ಆದಾಯ, ಖರ್ಚು ಇಷ್ಟು ಅಂತ ರಾಜ್ಯದ ದಿವಾನ ಒಬ್ಬ ಅಂಗಡಿಯವನ ಮುಂದೆ, ಒಬ್ಬ ರೈತನ ಮುಂದೆ ನಿಂತು ಒಪ್ಪಿಸಬೇಕಾಯಿತು. ಆಮೇಲೆ ಅವರ ದೂರು, ಬೇಡಿಕೆ ಕೇಳಬೇಕಾಯಿತು. ಅದಕ್ಕೆ ಮುಂಚೆ ತಾಲ್ಲೂಕಿನ ಮಾತು ಅಮಲ್ದಾರರ ಕಚೇರಿ ದಾಟಿ ಹೋಗೋದೇ ಕಷ್ಟ ಇತ್ತು.

1882ರಲ್ಲಿ ಬೆಂಗಳೂರು–ಮೈಸೂರು ರೈಲು ಓಡಿತು. ಆ ವರ್ಷವೂ ಸಭೆ ನಡೆಯಿತು. ಮೂರನೇ ಸಭೆಗೆ ರಂಗಾಚಾರ್ಲು ಇರಲಿಲ್ಲ. 1883ರ ಜನವರಿ 20ರಂದು ಮದ್ರಾಸಿನಲ್ಲಿ ತೀರಿಕೊಂಡರು. ದಿವಾನಗಿರಿ ಎರಡು ವರ್ಷವೂ ತುಂಬಿರಲಿಲ್ಲ.

ಅವರ ನೆನಪಿಗೆ ಭವನ ಕಟ್ಟಲು 1884ರ ಏಪ್ರಿಲ್ 1ರಂದು ಚಾಮರಾಜೇಂದ್ರ ಒಡೆಯರು ಅಡಿಗಲ್ಲು ಹಾಕಿದರು. ಕಟ್ಟಡ ಎದ್ದ ಮೇಲೆ ಪ್ರಜಾಪ್ರತಿನಿಧಿ ಸಭೆ ಅದರೊಳಗೇ ಸೇರತೊಡಗಿತು. ದಸರಾಕ್ಕೆ ತಾಲ್ಲೂಕುಗಳಿಂದ ಬಂದವರು ರಸ್ತೆ, ಕೆರೆ, ಕಂದಾಯದ ಅಹವಾಲುಗಳನ್ನು ರಂಗಾಚಾರ್ಲು ಹೆಸರಿನ ಸೂರಿನಡಿ ಮುಂದಿನ ದಿವಾನರ ಎದುರು ಇಟ್ಟರು.