ಲೇತ್ ಎಣ್ಣೆ ಮೆತ್ತಿದ ಬಟ್ಟೆಯಿಂದ ಏನೂ ಆಗುವುದಿಲ್ಲವೇ? 250 ವರ್ಷ ಹಿಂದಿನ ವೈದ್ಯರೊಬ್ಬರ ಬದುಕು ಹೇಳುವುದೇನು?

ಹಾಸನದ ಬೂವನಹಳ್ಳಿಯೇ ಇರಲಿ, ಬೆಂಗಳೂರಿನ ಪೀಣ್ಯವೇ ಇರಲಿ, ಮನೆ ಪಕ್ಕದ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡು ದುಡಿಯುವವರ ಪ್ಯಾಂಟಿಗೆ ಕಟಿಂಗ್ ಆಯಿಲ್ ಮೆತ್ತಿಯೇ ಇರುತ್ತದೆ. ಅದು ಬರೀ ಕೊಳೆ, ಮೈಗೇನೂ ಆಗದು ಎಂದು ಹಲವರು ನಂಬಿದ್ದಾರೆ. ಇದು ನಿಜವೇ? ತಿಳಿಯಲು ನಾವು ಲೇತಿಗೆ ಸಂಬಂಧವೇ ಇಲ್ಲದ ಒಬ್ಬ ವೈದ್ಯರ ಕಥೆ ನೋಡೋಣ.

ಅವರು ಪರ್ಸಿವಲ್ ಪಾಟ್. ಹುಟ್ಟಿದ್ದು 1714ರಲ್ಲಿ, ಲಂಡನ್ನಿನಲ್ಲಿ. ಹದಿಹರೆಯದಲ್ಲೇ ಎಡ್ವರ್ಡ್ ನೋರ್ಸ್ ಎಂಬ ಶಸ್ತ್ರವೈದ್ಯರ ಶಿಷ್ಯರಾಗಿ ಸೇರಿದರು. 1749ರಲ್ಲಿ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯರಾದರು. 1756ರಲ್ಲಿ ಕುದುರೆಯಿಂದ ಬಿದ್ದು ಕಾಲು ಮುರಿಯಿತು. ಕಾಲು ಕತ್ತರಿಸಲು ಸಿದ್ಧತೆ ನಡೆದಿದ್ದಾಗ ಗುರು ನೋರ್ಸ್ ಬಂದು ತಡೆದರು. ಕಾಲು ಉಳಿಯಿತು. ಹಾಸಿಗೆ ಹಿಡಿದಿದ್ದ ಆ ದಿನಗಳಲ್ಲೇ ಪಾಟ್ ಪುಸ್ತಕ ಬರೆಯಲು ಕೂತರು. ಬೆನ್ನುಮೂಳೆಯ ಕ್ಷಯಕ್ಕೆ ಇಂದಿಗೂ ಅವರದೇ ಹೆಸರಿದೆ.

ಆದರೆ ಅವರ ದೊಡ್ಡ ಕೆಲಸ 1775ರದು. ಆಗ ಲಂಡನ್ನಿನಲ್ಲಿ ಪುಟ್ಟ ಹುಡುಗರನ್ನು ಚಿಮಣಿಯೊಳಗೆ ಹತ್ತಿಸಿ ಮಸಿ ತೆಗೆಸುತ್ತಿದ್ದರು. ಅವರು ದೊಡ್ಡವರಾದ ಮೇಲೆ ಹಲವರ ವೃಷಣ ಚೀಲದ ಚರ್ಮದಲ್ಲಿ ಹುಣ್ಣು ಏಳುತ್ತಿತ್ತು. ಅದು ಗುಹ್ಯರೋಗ ಎಂದೇ ಜನ, ವೈದ್ಯರು ತಿಳಿದಿದ್ದರು. ಪಾಟ್ ಇದನ್ನು ಒಪ್ಪಲಿಲ್ಲ. ಅದು ಕ್ಯಾನ್ಸರ್, ಚರ್ಮದ ಮಡಿಕೆಯಲ್ಲಿ ಕೂತ ಮಸಿಯೇ ಕಾರಣ ಎಂದು ಬರೆದರು. ಒಂದು ಕಸುಬಿನ ಕೊಳೆಗೂ ಕ್ಯಾನ್ಸರಿಗೂ ನಂಟು ತೋರಿಸಿದವರಲ್ಲಿ ಅವರು ಮೊದಲಿಗರು. 1788ರಲ್ಲಿ ತೀರಿಕೊಂಡರು. ಅದೇ ವರ್ಷ ಎಂಟು ವರ್ಷದೊಳಗಿನ ಹುಡುಗರನ್ನು ಈ ಕೆಲಸಕ್ಕೆ ಹಚ್ಚಬಾರದೆಂಬ ಕಾನೂನು ಬಂತು.

ಅವರ ಮಾತು ಅಲ್ಲಿಗೇ ಮುಗಿಯಲಿಲ್ಲ. 1892ರಲ್ಲಿ ಹೆನ್ರಿ ಬಟ್ಲಿನ್ ಎಂಬ ವೈದ್ಯರು, ಮೈ ಮುಚ್ಚುವ ಬಟ್ಟೆ ತೊಟ್ಟು ಚೆನ್ನಾಗಿ ಸ್ನಾನ ಮಾಡುವ ಯುರೋಪಿನ ಇತರ ದೇಶಗಳ ಚಿಮಣಿ ಕೆಲಸಗಾರರಿಗೆ ಈ ರೋಗ ಅಪರೂಪ ಎಂದು ತೋರಿಸಿದರು. 1922ರಲ್ಲಿ ಮ್ಯಾಂಚೆಸ್ಟರಿನ ವೈದ್ಯರು ಅದೇ ಕ್ಯಾನ್ಸರನ್ನು ನೂಲಿನ ಗಿರಣಿ ಕೆಲಸಗಾರರಲ್ಲೂ ಗುರುತಿಸಿದರು. ಅಲ್ಲಿ ಮಸಿ ಇರಲಿಲ್ಲ. ಯಂತ್ರದಿಂದ ಸಿಡಿದು ಪ್ಯಾಂಟು ನೆನೆಸುತ್ತಿದ್ದ ಮಿನರಲ್ ಆಯಿಲ್ ಇತ್ತು. ಮುಂದೆ ಲೇತ್ ಕೆಲಸಗಾರರಲ್ಲೂ ಇದು ಕಂಡಿತು.

ಹಾಗಾದರೆ ಇಂದಿನ ಎಣ್ಣೆ? ಸರಿಯಾಗಿ ಶುದ್ಧೀಕರಿಸದ ಮಿನರಲ್ ಆಯಿಲ್ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳುತ್ತದೆ. ಚೆನ್ನಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಆ ಭಯ ತೀರಾ ಕಡಿಮೆ. ಆದರೂ ನೀರಿಗೆ ಬೆರೆಸುವ ಕೂಲಂಟಿನಿಂದ ತುರಿಕೆ, ಗುಳ್ಳೆ, ಅದರ ಆವಿಯಿಂದ ಉಬ್ಬಸ ಬರಬಹುದು.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು:

- ಎಣ್ಣೆ ಸಿಡಿಯದಂತೆ ಅಡ್ಡತಗಡು, ಕೆಳಗೆ ಟ್ರೇ ಇಡಿ.
- ಕಬ್ಬಿಣದ ಸುರುಳಿಚೂರನ್ನು ಯಂತ್ರ ನಿಲ್ಲಿಸಿ ಬ್ರಷ್ಷಿನಿಂದ ತೆಗೆಯಿರಿ. ತಿರುಗುವ ಲೇತಿನ ಹತ್ತಿರ ಕೈಗವಸು ಬೇಡ, ಸಿಕ್ಕಿಕೊಂಡರೆ ಕೈಯನ್ನೇ ಎಳೆಯುತ್ತದೆ.
- ಎಣ್ಣೆಯ ಬನಿಯನ್ ವೇಸ್ಟನ್ನು ಜೇಬಿಗೆ ತುರುಕಬೇಡಿ, ಮುಚ್ಚಳದ ಡಬ್ಬಕ್ಕೆ ಹಾಕಿ.
- ನಾರುವ ಕೂಲಂಟ್ ಬದಲಿಸಿ. ಹಳೆಯದನ್ನು ಚರಂಡಿಗೆ ಸುರಿಯಬೇಡಿ.
- ಕೈಯನ್ನು ಪೆಟ್ರೋಲ್, ಥಿನ್ನರಿನಲ್ಲಿ ತೊಳೆಯಬೇಡಿ. ಸೋಪು, ನೀರು ಸಾಕು.
- ಎಣ್ಣೆಯಲ್ಲಿ ನೆನೆದ ಬಟ್ಟೆ ಕೂಡಲೇ ಬದಲಿಸಿ, ಮನೆಯವರ ಬಟ್ಟೆಯಿಂದ ಬೇರೆಯಾಗಿ ಒಗೆಯಿರಿ.

ಎಣ್ಣೆ ಮೆತ್ತಿದ ಬಟ್ಟೆಯಿಂದ ಏನೂ ಆಗದು ಎಂಬುದು ತಪ್ಪು. ತೊಡೆಸಂದಿನಲ್ಲಿ ಮಾಯದ ಹುಣ್ಣೋ ಗಂಟೋ ಕಂಡರೆ ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಿ, ನಿಮ್ಮ ಕಸುಬು ಯಾವುದೆಂದೂ ಹೇಳಿ. ಲೇತ್ ಕೆಲಸದ ಗೆಳೆಯರಿದ್ದರೆ ಇದನ್ನು ಅವರಿಗೂ ಕಳಿಸಿ.