ಕಿಪ್ಪರ್‌ನಿಂದ ಫೀಲ್ಡ್ ಮಾರ್ಷಲ್‌ವರೆಗೆ: ಪದವಿಯ ಗೌರವ ಕಾಯ್ದ ಕಾರ್ಯಪ್ಪ

ಹುಮನಾಬಾದ್: 1948ರ ಸೆಪ್ಟೆಂಬರ್‌ನಲ್ಲಿ ಸೊಲ್ಲಾಪುರದಿಂದ ಹೊರಟ ಭಾರತೀಯ ಸೇನೆಯ ಮುಖ್ಯ ಪಡೆ ಹುಮನಾಬಾದಿನ ಹೆದ್ದಾರಿ ಹಿಡಿದೇ ಹೈದರಾಬಾದಿನತ್ತ ಸಾಗಿತ್ತು. ಪಡೆಯ ನಾಯಕ ಮೇಜರ್ ಜನರಲ್ ಜೆ.ಎನ್. ಚೌಧರಿ. ನಿಜಾಮನ ಸೇನೆ ಶರಣಾದ ಬಳಿಕ ಅವರೇ ಹೈದರಾಬಾದಿನ ಮಿಲಿಟರಿ ಗವರ್ನರ್ ಆದರು. ಬೀದರ್ ಸೀಮೆಯ ಜನ ಸ್ವತಂತ್ರ ಭಾರತದ ಆಡಳಿತವನ್ನು ಮೊದಲು ಕಂಡದ್ದು ಹೀಗೆ, ಒಂದು ಸೇನಾ ಪದವಿಯ ರೂಪದಲ್ಲಿ. ಅದಾದ ನಾಲ್ಕು ತಿಂಗಳಿಗೆ ಇಡೀ ಸೇನೆಯ ಹೊಣೆ ಕೊಡಗಿನವರೊಬ್ಬರ ಕೈಗೆ ಬಂತು. ಅವರೇ ಕೊಡಂದೇರ ಮಾದಪ್ಪ ಕಾರ್ಯಪ್ಪ.

1899ರ ಜನವರಿ 28ರಂದು ಶನಿವಾರಸಂತೆಯಲ್ಲಿ ಜನಿಸಿದ ಅವರನ್ನು ಮನೆಯವರು ಕರೆಯುತ್ತಿದ್ದುದು ಚಿಮ್ಮ ಎಂದು. ತಂದೆ ಕಂದಾಯ ಇಲಾಖೆಯ ನೌಕರ. ಮಡಿಕೇರಿಯಲ್ಲಿ ಶಾಲೆ ಮುಗಿಸಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದ ತರುಣ ಮುಂದೆ ಇಂದೋರಿನ ಡೇಲಿ ಕಾಲೇಜಿನಲ್ಲಿ ಸೇನಾ ತರಬೇತಿ ಪಡೆದು, 1919ರಲ್ಲಿ ಕಿಂಗ್ಸ್ ಕಮಿಷನ್ ಪಡೆದ ಭಾರತೀಯ ಅಧಿಕಾರಿಗಳ ಮೊದಲ ತಂಡದಲ್ಲಿ ಒಬ್ಬರಾದರು.

ಆ ಕಮಿಷನ್ನಿನ ಬೆಲೆ ತಿಳಿಯಬೇಕಾದರೆ ಅಂದಿನ ಸೇನೆಯ ಏಣಿಯನ್ನು ನೋಡಬೇಕು. ಭಾರತೀಯ ಸಿಪಾಯಿ ಜಮಾದಾರನಾಗಬಹುದಿತ್ತು, ಸುಬೇದಾರನಾಗಬಹುದಿತ್ತು, ಹೆಚ್ಚೆಂದರೆ ಸುಬೇದಾರ್ ಮೇಜರ್. ಅವರಿಗೆ ಸಾಹೇಬ್ ಎಂಬ ಸಂಬೋಧನೆ ಇತ್ತು, ಇಂದಿಗೂ ಇದೆ. ಆದರೆ ಮೂವತ್ತು ವರ್ಷ ಸೇವೆ ಸಲ್ಲಿಸಿದ ಸುಬೇದಾರ್ ಮೇಜರ್ ಕೂಡ ನಿನ್ನೆ ಮೊನ್ನೆ ಇಂಗ್ಲೆಂಡಿನಿಂದ ಹಡಗಿಳಿದ ಹುಡುಗ ಲೆಫ್ಟಿನೆಂಟನಿಗೆ ಸೆಲ್ಯೂಟ್ ಹೊಡೆಯಬೇಕಿತ್ತು. ಆ ಗೋಡೆಯ ಆಚೆಗೆ ಕಾಲಿಟ್ಟ ಮೊದಲಿಗರ ಸಾಲಿನಲ್ಲಿ ಕಾರ್ಯಪ್ಪ ಇದ್ದರು.

ಗೋಡೆ ದಾಟಿದ ಮಾತ್ರಕ್ಕೆ ಗೌರವ ಸಿಗಲಿಲ್ಲ. 1923ರಲ್ಲಿ ಅವರು 7ನೇ ರಜಪೂತ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಸೇರಿದರು. ಭಾರತೀಯ ಅಧಿಕಾರಿಗಳಿಗೆಂದು ಅದೇ ವರ್ಷ ಗೊತ್ತುಮಾಡಿದ ಎಂಟು ಘಟಕಗಳಲ್ಲಿ ಅದೂ ಒಂದು. ಭಾರತೀಕರಣ ಎಂಬ ಹೆಸರಿನ ಈ ಏರ್ಪಾಡಿನ ಒಳಗುಟ್ಟು ಸರಳ: ಬಿಳಿಯ ಅಧಿಕಾರಿಯೊಬ್ಬ ಕಂದು ಬಣ್ಣದವನ ಕೈಕೆಳಗೆ ದುಡಿಯುವ ಪ್ರಸಂಗ ಬರಬಾರದು. ಭುಜದ ಮೇಲೆ ನಕ್ಷತ್ರವೇನೋ ಇತ್ತು. ಆ ನಕ್ಷತ್ರಕ್ಕೆ ಯಾರು ತಲೆಬಾಗಬೇಕು ಎಂಬುದಕ್ಕೆ ಮಾತ್ರ ಬೇಲಿ ಹಾಕಲಾಗಿತ್ತು. ಫತೇಗಢದಲ್ಲಿದ್ದಾಗ ಬ್ರಿಟಿಷ್ ಅಧಿಕಾರಿಯೊಬ್ಬರ ಪತ್ನಿಗೆ ಕಾರ್ಯಪ್ಪ ಎಂಬ ಹೆಸರು ನಾಲಿಗೆಗೆ ಹೊರಳದೆ, ಕಿಪ್ಪರ್ ಎಂದು ಕರೆದರು. ಇಂಗ್ಲಿಷರ ಊಟದ ಮೇಜಿನ ಒಂದು ಹೊಗೆಯಾಡಿಸಿದ ಮೀನಿನ ಹೆಸರದು. ಜೀವಮಾನವಿಡೀ ಅದು ಬಿಡಲಿಲ್ಲ. ಕಾರ್ಯಪ್ಪ ಬೇಸರಪಟ್ಟುಕೊಳ್ಳಲೂ ಇಲ್ಲ.

1932ರಲ್ಲಿ ಡೆಹರಾಡೂನ್ ಅಕಾಡೆಮಿ ಆರಂಭವಾದ ಮೇಲೆ ಇನ್ನೊಂದು ವಿಚಿತ್ರ ಸೇರಿಕೊಂಡಿತು. ಅಲ್ಲಿಂದ ಹೊರಬಂದ ಭಾರತೀಯರಿಗೂ ಲೆಫ್ಟಿನೆಂಟ್ ಎಂಬ ಪದವಿಯೇ, ಆದರೆ ಸಂಬಳ ಮಾತ್ರ ಬ್ರಿಟಿಷ್ ಅಧಿಕಾರಿಗಿಂತ ಕಡಿಮೆ. ಪದವಿ ಒಂದೇ, ಸಂಬಳ ಎರಡು. ಸಂಬಳ ನೋಡಿ ಮರ್ಯಾದೆ ಕೊಡುವುದಾಗಿದ್ದರೆ ಮುಂದೆ ದೇಶದ ಸೇನೆಯನ್ನು ಮುನ್ನಡೆಸಿದ ಒಂದು ಪೀಳಿಗೆಯೇ ಎರಡನೇ ದರ್ಜೆಯದ್ದಾಗಿ ಉಳಿಯುತ್ತಿತ್ತು.

ಇಂದಿನ ಲೆಕ್ಕವೂ ಈ ವಿಷಯದಲ್ಲಿ ಸ್ವಾರಸ್ಯಕರ. 7ನೇ ವೇತನ ಆಯೋಗದ ಬಳಿಕದ ಕೋಷ್ಟಕದಲ್ಲಿ ಕರ್ನಲ್ 13ನೇ ಹಂತ, ಸೇನಾ ಮುಖ್ಯಸ್ಥರು 18. ಲೆಫ್ಟಿನೆಂಟ್ ಜನರಲ್‌ಗಳು 15, 16, 17 ಹೀಗೆ ಮೂರು ಹಂತಗಳಲ್ಲಿ ಹಂಚಿಹೋಗಿದ್ದಾರೆ. ಕರೆಯುವಾಗ ಎಲ್ಲರೂ ಲೆಫ್ಟಿನೆಂಟ್ ಜನರಲ್‌ಗಳೇ. ಹದಿಮೂರನೇ ಹಂತದ ಸಾಹೇಬರೇ ಎಂದು ಯಾವ ಜವಾನನೂ ಕರೆಯುವುದಿಲ್ಲ. ವೇತನ ಶ್ರೇಣಿ ಲೆಕ್ಕಪತ್ರ ಶಾಖೆಯ ವಿಷಯ. ಯಾರ ಆಜ್ಞೆ ಯಾರು ಪಾಲಿಸಬೇಕು, ಯಾರ ಹೊಣೆ ಎಷ್ಟು ಎಂಬುದನ್ನು ಹೇಳುವುದು ಪದವಿ.

ಕಾರ್ಯಪ್ಪ ಮೆಟ್ಟಿಲು ಮೆಟ್ಟಿಲಾಗಿ ಏರಿದರು. 1933ರಲ್ಲಿ ಕ್ವೆಟ್ಟಾ ಸ್ಟಾಫ್ ಕಾಲೇಜು ಸೇರಿದ ಮೊದಲ ಭಾರತೀಯ ಅವರು. 1942ರಲ್ಲಿ ಬೆಟಾಲಿಯನ್ ಒಂದರ ನಾಯಕತ್ವ ದೊರೆತ ಮೊದಲ ಭಾರತೀಯನೂ ಅವರೇ. ವಿಶ್ವಯುದ್ಧ ಮುಗಿದ ಮೇಲೆ ವಾಯವ್ಯ ಗಡಿಯ ಬನ್ನು ಬ್ರಿಗೇಡನ್ನು ನಡೆಸಿದರು. ಅಲ್ಲಿ ಅವರ ಕೈಕೆಳಗೆ ಇದ್ದವರಲ್ಲಿ ಅಯೂಬ್ ಖಾನ್ ಎಂಬ ಕರ್ನಲ್ ಕೂಡ ಒಬ್ಬರು. 1948ರಲ್ಲಿ ಕಾಶ್ಮೀರದ ಹೋರಾಟದ ಹೊತ್ತಿಗೆ ಪಶ್ಚಿಮದ ಸೇನೆಯ ನೇತೃತ್ವ ವಹಿಸಿದರು. 1949ರ ಜನವರಿ 15ರಂದು ಜನರಲ್ ಬುಚರ್ ಅವರಿಂದ ಅಧಿಕಾರ ಸ್ವೀಕರಿಸಿ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನೇ ಇಂದು ಸೇನಾ ದಿನವೆಂದು ಆಚರಿಸಲಾಗುತ್ತಿದೆ. 1953ರಲ್ಲಿ ನಿವೃತ್ತಿ, ಬಳಿಕ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಭಾರತದ ಹೈಕಮಿಷನರ್.

ಪದವಿ ಎಂಬುದಕ್ಕೆ ಅವರು ಕೊಡುತ್ತಿದ್ದ ಅರ್ಥ ನಿಜವಾಗಿ ಒರೆಗೆ ಹಚ್ಚಲ್ಪಟ್ಟದ್ದು 1965ರ ಯುದ್ಧದಲ್ಲಿ. ವಾಯುಪಡೆಯಲ್ಲಿ ಫ್ಲೈಟ್ ಲೆಫ್ಟಿನೆಂಟ್ ಆಗಿದ್ದ ಮಗ ಕೆ.ಸಿ. ಕಾರ್ಯಪ್ಪ ಅವರ ಹಂಟರ್ ವಿಮಾನವನ್ನು ಹೊಡೆದುರುಳಿಸಿದ ಪಾಕಿಸ್ತಾನ ಅವರನ್ನು ಸೆರೆಹಿಡಿಯಿತು. 1949ರ ಜಿನೀವಾ ಒಪ್ಪಂದದ ಪ್ರಕಾರ ಸೆರೆಸಿಕ್ಕ ಯೋಧ ವೈರಿಗೆ ತಿಳಿಸಬೇಕಾದದ್ದು ನಾಲ್ಕೇ ಸಂಗತಿ: ಹೆಸರು, ಪದವಿ, ಹುಟ್ಟಿದ ದಿನ, ಸೇನಾ ಸಂಖ್ಯೆ. ಸೆರೆಯಲ್ಲಿರುವ ಅಧಿಕಾರಿಯನ್ನು ಅವನ ಪದವಿ ಮತ್ತು ವಯಸ್ಸಿಗೆ ತಕ್ಕ ಮರ್ಯಾದೆಯಿಂದ ನಡೆಸಿಕೊಳ್ಳಬೇಕೆಂದೂ ಅದೇ ಒಪ್ಪಂದ ವಿಧಿಸುತ್ತದೆ. ತಂದೆ ಯಾರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಅದೇ ಅಯೂಬ್ ಖಾನ್. ಅಷ್ಟರಲ್ಲಿ ಅವರು ಫೀಲ್ಡ್ ಮಾರ್ಷಲ್ ಪದವಿ ಧರಿಸಿದ್ದರು. ಹಿಂದಿನ ಮೇಲಧಿಕಾರಿ ಇನ್ನೂ ನಿವೃತ್ತ ಜನರಲ್. ಹಳೆಯ ಋಣಕ್ಕೆ ಮಗನನ್ನು ಬಿಟ್ಟುಕಳಿಸುವ ಇಂಗಿತ ಅಯೂಬರಿಂದ ಬಂದಾಗ ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತೀಯ ಯೋಧರೆಲ್ಲರೂ ತಮ್ಮ ಮಕ್ಕಳೇ, ಒಬ್ಬನಿಗೆ ಸಿಗುವ ಉಪಚಾರ ಎಲ್ಲರಿಗೂ ಸಿಗಲಿ ಎಂಬುದು ಅವರ ನಿಲುವಾಗಿತ್ತು. ಹೆತ್ತ ತಂದೆಗೆ ಅದು ಸುಲಭದ ಮಾತಾಗಿರಲಾರದು. ಮಗ ಉಳಿದ ಕೈದಿಗಳಂತೆಯೇ ಸೆರೆಯಲ್ಲಿದ್ದು, ಮರಳಿ ಬಂದು, ಮುಂದೆ ಏರ್ ಮಾರ್ಷಲ್ ಪದವಿಯವರೆಗೂ ಏರಿದರು.

ಸೇನೆಯಲ್ಲಿ ಅಧಿಕಾರಿ ನಿವೃತ್ತನಾಗುತ್ತಾನೆ, ಪದವಿ ಆಗುವುದಿಲ್ಲ. ಹೆಸರಿನ ಮುಂದೆ ಪದವಿ ಉಳಿದು, ಕೊನೆಗೆ ನಿವೃತ್ತ ಎಂಬ ಪದ ಸೇರುತ್ತದೆ. ಮೂವತ್ತಮೂರು ವರ್ಷ ಹೀಗೆ ನಿವೃತ್ತ ಜನರಲ್ ಆಗಿದ್ದ ಕಾರ್ಯಪ್ಪ ಅವರಿಗೆ 1986ರಲ್ಲಿ, 87ರ ಇಳಿವಯಸ್ಸಿನಲ್ಲಿ, ಫೀಲ್ಡ್ ಮಾರ್ಷಲ್ ಪದವಿ ಸಂದಿತು. ಅದರೊಂದಿಗೆ ಆ ಪದವೂ ಕಳಚಿತು, ಏಕೆಂದರೆ ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿ ಇಲ್ಲ. ಭಾರತೀಯ ಸೇನೆಯಲ್ಲಿ ಈ ಪದವಿ ಪಡೆದವರು ಇಬ್ಬರೇ. 1973ರಲ್ಲಿ ಅದನ್ನು ಪಡೆದ ಸ್ಯಾಮ್ ಮಾಣೆಕ್‌ಶಾ ಇನ್ನೊಬ್ಬರು. ದೇಶ ಕೊಡಬಹುದಾದ ಅತ್ಯುನ್ನತ ಸೇನಾ ಪದವಿ ಧರಿಸಿದ್ದ ಮಾಣೆಕ್‌ಶಾ ಅವರಿಗೆ ಅದಕ್ಕೆ ತಕ್ಕ ವೇತನದ ಬಾಕಿ ಕೈಸೇರಿದ್ದು 2007ರಲ್ಲಿ. ಅಲ್ಲಿಯವರೆಗೆ ಅವರನ್ನು ಯಾರೂ ಬೇರೆ ಹೆಸರಿನಿಂದ ಕರೆದದ್ದಿಲ್ಲ.

ಕಾರ್ಯಪ್ಪ 1993ರ ಮೇ 15ರಂದು ಬೆಂಗಳೂರಿನಲ್ಲಿ ನಿಧನರಾದರು. ಎರಡು ದಿನಗಳ ಬಳಿಕ ಮಡಿಕೇರಿಯಲ್ಲಿ ನಡೆದ ಅಂತ್ಯಕ್ರಿಯೆಗೆ ಮಾಣೆಕ್‌ಶಾ ಮತ್ತು ಮೂರೂ ಪಡೆಗಳ ಮುಖ್ಯಸ್ಥರು ಬಂದಿದ್ದರು. ಮಡಿಕೇರಿಯ ಕಾಲೇಜೊಂದು ಅವರ ಹೆಸರನ್ನು ಪದವಿ ಸಮೇತ ಹೊತ್ತಿದೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ ಅಧಿಕೃತ ಹೆಸರೂ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ ಎಂದೇ, ಆಟೋ ಚಾಲಕರಿಗೆ ಹಳೆಯ ಹೆಸರು ಹೇಳಿದರಷ್ಟೇ ತಿಳಿಯುವುದಾದರೂ.