ಮದುವೆ ಬಟ್ಟೆಯ ಹಿಂದಿನ ಕೈಗಳನ್ನು ಹುಡುಕಿ ಹೊರಟ ಕಮಲಾದೇವಿ

ಮದುವೆ ಸೀಜನ್ ಬಂತೆಂದರೆ ನಮ್ಮ ಶಿಗ್ಗಾಂವಿಯ ಬಟ್ಟೆ ಅಂಗಡಿಗಳಲ್ಲಿ ಈಗ ಎರಡು ಬಗೆಯ ಗಿರಾಕಿಗಳು. ಅವ್ವಂದಿರು ಇಳಕಲ್ ಸೀರೆ, ರೇಷ್ಮೆ ಸೀರೆ ತೆಗೆಸಿ ಸೆರಗು ಬಿಡಿಸಿ ನೋಡುತ್ತಾರೆ. ಹೆಣ್ಣುಮಕ್ಕಳು ಮೊಬೈಲ್‌ನಲ್ಲಿ ಫೋಟೊ ತೋರಿಸಿ ಪಾಕಿಸ್ತಾನಿ ಸೂಟ್ ಐತೇನ್ರೀ ಎಂದು ಕೇಳುತ್ತಾರೆ. ಉದ್ದನೆಯ ಕುರ್ತಾ, ತೋಳಿಗೆ ಜರಿ ಕೆಲಸ, ದುಪಟ್ಟಾದ ಅಂಚಿಗೆ ಗೋಟಾ, ಕೆಳಗೆ ಶರಾರಾ ಅಥವಾ ಘರಾರಾ. ನಿಶ್ಚಿತಾರ್ಥಕ್ಕೆ, ಅರಿಷಿಣ ಶಾಸ್ತ್ರಕ್ಕೆ, ಕಾಲೇಜಿನ ಬೀಳ್ಕೊಡುಗೆಗೆ, ಎಲ್ಲಕ್ಕೂ ಇದೇ ಬೇಕು. ಧಾರ್ಮಿಕ ಭೇದವೂ ಇದರಲ್ಲಿಲ್ಲ. ಸವಣೂರಿನ ಹುಡುಗಿಯೂ ಕೇಳುತ್ತಾಳೆ, ಬಂಕಾಪುರದ ಹುಡುಗಿಯೂ ಕೇಳುತ್ತಾಳೆ.

ಹೆಸರಿಗೆ ಪಾಕಿಸ್ತಾನಿ. ಆದರೆ ಅಂಗಡಿಯಲ್ಲಿ ಸಿಗುವುದರಲ್ಲಿ ಬಹಳಷ್ಟು ಸೂರತ್ ಕಡೆಯಿಂದ ಬಂದ ಮಾಲು. ಇನ್ನು ಘರಾರಾ ಹುಟ್ಟಿದ್ದು ಲಖನೌ ಸುತ್ತಲಿನ ಅವಧ್ ಸೀಮೆಯ ನವಾಬರ ಮನೆಗಳಲ್ಲಿ. ಮೊಣಕಾಲಿನವರೆಗೆ ಮೈಗೆ ಹೊಂದಿಕೊಂಡು, ಅಲ್ಲಿಂದ ಕೆಳಗೆ ನೆರಿಗೆ ನೆರಿಗೆಯಾಗಿ ಬಿಚ್ಚಿಕೊಳ್ಳುವುದು ಘರಾರಾ. ಸೊಂಟದಿಂದಲೇ ಅಗಲವಾಗುತ್ತ ಹೋಗುವುದು ಶರಾರಾ. 1947ರಲ್ಲಿ ದೇಶ ಎರಡಾದಾಗ ಉತ್ತರ ಪ್ರದೇಶದಿಂದ ಕರಾಚಿಗೆ ಹೋದ ಕುಟುಂಬಗಳು ಘರಾರಾವನ್ನು ಪೆಟ್ಟಿಗೆಯಲ್ಲಿ ಕೊಂಡೊಯ್ದವು. ಪಾಕಿಸ್ತಾನದ ಮೊದಲ ಪ್ರಧಾನಿ ಲಿಯಾಖತ್ ಅಲಿ ಖಾನರ ಪತ್ನಿ ಬೇಗಂ ರಾಣಾ ಅದನ್ನು ಸಾರ್ವಜನಿಕ ಸಮಾರಂಭಗಳಲ್ಲಿ ಉಟ್ಟು ಅಲ್ಲಿನ ಗೌರವದ ಉಡುಪಾಗಿಸಿದರು. ಎಪ್ಪತ್ತು ವರ್ಷ ಕಳೆದ ಮೇಲೆ ಅದೇ ಉಡುಪು ಧಾರಾವಾಹಿಗಳ ಮೂಲಕ ಹೊಸ ಹೆಸರಿಟ್ಟುಕೊಂಡು ನಮ್ಮೂರಿಗೆ ವಾಪಸ್ ಬಂದಿದೆ.

ಆಗ ಗಡಿ ದಾಟಿ ಆ ಕಡೆ ಹೋದವರಿದ್ದಂತೆ ಈ ಕಡೆ ಬಂದವರೂ ಇದ್ದರು. ಪೇಶಾವರ, ಬನ್ನು, ಡೇರಾ ಇಸ್ಮಾಯಿಲ್ ಖಾನ್ ಕಡೆಯಿಂದ ಉಟ್ಟ ಬಟ್ಟೆಯಲ್ಲಿ ಬಂದು ದೆಹಲಿಯ ಸುತ್ತ ಶಿಬಿರಗಳಲ್ಲಿ ಕುಳಿತ ಜನ ಅವರು. ಅವರ ಕೈಗೆ ಕೆಲಸ ಕೊಡಿಸಲು ನಿಂತವರಲ್ಲಿ ಮುಂಚೂಣಿಯಲ್ಲಿದ್ದವರು ನಮ್ಮ ಮಂಗಳೂರಿನ ಹೆಣ್ಣುಮಗಳು, ಕಮಲಾದೇವಿ ಚಟ್ಟೋಪಾಧ್ಯಾಯ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ 1966 ಎಂದು ಬಾಯಿಪಾಠ ಮಾಡಿ ನಾವೆಲ್ಲ ದಾಟಿಬಿಡುವ ಹೆಸರು ಅದು. ಉದ್ಯೋಗ ಹುಡುಕುತ್ತಿರುವ ನಮ್ಮಂಥವರು ಆ ಹೆಸರಿನ ಹತ್ತಿರ ಸ್ವಲ್ಪ ನಿಲ್ಲಬೇಕು ಎಂದು ನನಗನ್ನಿಸುತ್ತದೆ. ಯಾಕೆಂದರೆ ಅವರು ಬದುಕಿನ ಅರ್ಧದಷ್ಟು ಕಾಲ ಮಾಡಿದ್ದು ಒಂದೇ ಕೆಲಸ: ಸೂಜಿ, ಮಗ್ಗ, ಬಣ್ಣ ಹಿಡಿದ ಕೈಗಳಿಗೆ ಸರಿಯಾದ ಕೂಲಿ ಮತ್ತು ಹೆಸರು ಸಿಗುವಂತೆ ನೋಡಿಕೊಂಡಿದ್ದು.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು. ತಂದೆ ಅನಂತಯ್ಯ ಧಾರೇಶ್ವರ ಬ್ರಿಟಿಷ್ ಸರ್ಕಾರದಲ್ಲಿ ದೊಡ್ಡ ಅಧಿಕಾರಿ. ತಾಯಿ ಗಿರಿಜಾಬಾಯಿ ಓದು ಬಲ್ಲ, ಸ್ವಂತ ಅಭಿಪ್ರಾಯವಿದ್ದ ಹೆಂಗಸು. ಮಗಳಿಗೆ ಏಳು ವರ್ಷವಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿಗೆ ಸಿಕ್ಕಿದ್ದು ಬರೀ ಜೀವನಾಂಶದ ಹಕ್ಕು. ಅದನ್ನೂ ಆಕೆ ಬೇಡವೆಂದು ಬಿಟ್ಟು, ತವರಿನಿಂದ ಬಂದದ್ದರಲ್ಲೇ ಸಂಸಾರ ತೂಗಿಸಿದರು. ಹೆಣ್ಣಿನ ಕೈಯಲ್ಲಿ ತನ್ನದೇ ದುಡಿಮೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕಮಲಾ ಕಂಡದ್ದು ಪುಸ್ತಕದಲ್ಲಲ್ಲ, ಮನೆಯ ಅಡುಗೆಮನೆಯಲ್ಲಿ.

ಹದಿನಾಲ್ಕಕ್ಕೆ ಮದುವೆ, 1917ರಲ್ಲಿ. ಎರಡೇ ವರ್ಷಕ್ಕೆ, 1919ರಲ್ಲಿ, ಗಂಡ ತೀರಿಕೊಂಡರು. ಆ ಕಾಲದ ಮೇಲ್ಜಾತಿ ಮನೆಗಳಲ್ಲಿ ಇದರ ಅರ್ಥವೇನು ಎಂದು ನಮ್ಮ ಅಜ್ಜಿಯಂದಿರನ್ನು ಕೇಳಿದರೂ ಗೊತ್ತಾಗುತ್ತದೆ. ಮದುವೆಯ ದಿನ ಉಡಿಸಿದ ಬಣ್ಣ, ಮುಡಿಸಿದ ಹೂವು, ತೊಡಿಸಿದ ಬಳೆ ಎಲ್ಲವನ್ನೂ ತೆಗೆಯುವುದು. ಮುಂದಿನ ಐವತ್ತು ಅರವತ್ತು ವರ್ಷ ಮಾಸಲು ಸೀರೆ. ಬಟ್ಟೆಯೇ ಶಿಕ್ಷೆಯಾಗಿದ್ದ ಕಾಲ. ಆದರೆ ಈ ಹುಡುಗಿ ಓದು ಮುಂದುವರಿಸಿದಳು. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಹೋದಳು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಗೆಳೆತನವಾಯಿತು. ಅವಳ ಮೂಲಕ ಅಣ್ಣ ಹರೀಂದ್ರನಾಥರ ಪರಿಚಯವಾಗಿ, ಇಬ್ಬರೂ ಮದುವೆಯಾದರು. ವಿಧವೆಯ ಮದುವೆ, ಅದೂ ಬೇರೆ ಜಾತಿ, ಬೇರೆ ಭಾಷೆಯವರ ಜೊತೆ. ಊರು ಸುಮ್ಮನಿರುತ್ತದೆಯೇ? ಬಂಧುಗಳು ಬೈದರು, ಬಿಟ್ಟರು. ಮುಂದೆ ಕಮಲಾದೇವಿ ಎಲ್ಲಿ ಹೋದರೂ ಗಾಢ ಬಣ್ಣದ ಕೈಮಗ್ಗದ ಸೀರೆ ಉಟ್ಟು, ಮುಡಿಗೆ ಹೂವಿಟ್ಟು ಕಾಣಿಸಿಕೊಳ್ಳುತ್ತಿದ್ದರು. ಅದನ್ನು ಬರೀ ಅಭಿರುಚಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಗಂಡನ ಹಿಂದೆ ಲಂಡನ್ನಿಗೆ ಹೋಗಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಅಸಹಕಾರ ಚಳವಳಿಯ ಸುದ್ದಿ ಕೇಳಿ ವಾಪಸ್ ಬಂದು ಕಾಂಗ್ರೆಸ್ಸಿನ ಸೇವಾದಳ ಸೇರಿದರು. 1926ರಲ್ಲಿ ಮದರಾಸ್ ಪ್ರಾಂತದ ಶಾಸನಸಭೆಗೆ ಚುನಾವಣೆಗೆ ನಿಂತರು. ಹೆಣ್ಣೊಬ್ಬಳು ಹೀಗೆ ನಿಲ್ಲುವುದೇ ದೇಶದಲ್ಲಿ ಹೊಸ ಸಂಗತಿ. ಕೆಲವೇ ಮತಗಳ ಅಂತರದಲ್ಲಿ ಸೋತರು. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನ ಶುರುವಾದಾಗ ಅದರ ಸಂಘಟನಾ ಕಾರ್ಯದರ್ಶಿಯಾದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಗಾಂಧೀಜಿ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲು ಹಿಂದೇಟು ಹಾಕಿದಾಗ, ಹೋಗಿ ವಾದ ಮಾಡಿ ಒಪ್ಪಿಸಿದವರು ಇವರು. ಮುಂಬೈಯಲ್ಲಿ ಷೇರು ಪೇಟೆಯ ಒಳಗೇ ಹೋಗಿ ಉಪ್ಪಿನ ಪೊಟ್ಟಣ ಮಾರಿದರು, ಜೈಲಿಗೂ ಹೋದರು.

ಇದರ ನಡುವೆ ಸಿನಿಮಾ ಬೇರೆ. 1931ರಲ್ಲಿ ಬಂದ ವಸಂತಸೇನೆ ಮೂಕಿಚಿತ್ರದಲ್ಲಿ ನಟಿಸಿದರು. ಮರ್ಯಾದಸ್ಥರ ಮನೆಯ ಹೆಣ್ಣು ಪರದೆಯ ಮೇಲೆ ಬರಬಾರದು ಎನ್ನುತ್ತಿದ್ದ ದಿನಗಳವು. 1943ರ ತಾನ್‌ಸೇನ್ ಚಿತ್ರದಲ್ಲಿಯೂ ಅವರಿದ್ದಾರೆ. ಆ ಚಿತ್ರದ ನಾಯಕಿ ಖುರ್ಷಿದ್ ದೇಶ ವಿಭಜನೆಯ ನಂತರ ಕರಾಚಿಗೆ ಹೋಗಿ ನೆಲೆಸಿದರು. ಘರಾರಾದ ಹಾಗೆ ಜನರೂ ಚದುರಿಹೋದ ಕಾಲ. ಹರೀಂದ್ರನಾಥರ ಜೊತೆಗಿನ ಸಂಸಾರ ಮಾತ್ರ ಉಳಿಯಲಿಲ್ಲ. ಒಬ್ಬ ಮಗನಿದ್ದ ಮೇಲೂ ಇಬ್ಬರೂ ಕಾನೂನು ಪ್ರಕಾರ ಬೇರೆಯಾದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆ.

ಇಷ್ಟೆಲ್ಲ ಇದ್ದವರು ಸ್ವಾತಂತ್ರ್ಯ ಬಂದ ಮೇಲೆ ಮಂತ್ರಿಯಾಗುತ್ತಾರೆ ಎಂದು ಯಾರಾದರೂ ಎಣಿಸುತ್ತಾರೆ. ಕಮಲಾದೇವಿ ಹೋದದ್ದು ನಿರಾಶ್ರಿತರ ಶಿಬಿರಕ್ಕೆ. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ಬಿಟ್ಟಿ ಅನ್ನ, ಬಿಟ್ಟಿ ಕಂಬಳಿ ಹಂಚುತ್ತ ಹೋದರೆ ಈ ಜನ ಎಂದಿಗೂ ಎದ್ದು ನಿಲ್ಲುವುದಿಲ್ಲ, ಸಹಕಾರ ಸಂಘ ಮಾಡಿಕೊಂಡು ತಮ್ಮ ಮನೆ ತಾವೇ ಕಟ್ಟಲಿ, ತಮ್ಮ ಕಸುಬು ತಾವೇ ನಡೆಸಲಿ ಎಂಬುದು ಅವರ ಹಟ. ವಾಯವ್ಯ ಗಡಿ ಪ್ರಾಂತದಿಂದ ಬಂದ ಹತ್ತಾರು ಸಾವಿರ ಜನರಿಗೆ ದೆಹಲಿಯ ಹತ್ತಿರ ಎದ್ದ ಹೊಸ ಊರೇ ಫರಿದಾಬಾದ್. ಈಗ ಕಾರ್ಖಾನೆಗಳಿಗೆ ಹೆಸರಾದ ಆ ಊರಿನ ಬುಡದಲ್ಲಿ ನಿರಾಶ್ರಿತರು ತಾವೇ ಹೊತ್ತ ಇಟ್ಟಿಗೆ ಇದೆ.

ಶಿಬಿರಗಳ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಶಾಲೆಯ ಮುಖ ನೋಡಿರಲಿಲ್ಲ, ಆದರೆ ಸೂಜಿ ಬಲ್ಲವರಾಗಿದ್ದರು. ಪಂಜಾಬಿನಲ್ಲಿ ಫುಲ್ಕಾರಿ ಎಂಬ ಕಸೂತಿಯಿದೆ. ಒರಟು ಬಟ್ಟೆಯ ಮೇಲೆ ಹೊಳೆಯುವ ರೇಷ್ಮೆ ನೂಲಿನಲ್ಲಿ, ಬಟ್ಟೆಯ ಹಿಂಬದಿಯಿಂದ ಎಳೆ ಎಣಿಸುತ್ತ ಹಾಕುವಂಥದ್ದು. ಹೆಣ್ಣುಮಗು ಹುಟ್ಟಿದಾಗಲೇ ಅಜ್ಜಿ ಅವಳ ಮದುವೆಯ ಹೊದಿಕೆಗೆ ಹೊಲಿಗೆ ಶುರು ಮಾಡುತ್ತಿದ್ದಳು. ಮಾರುವ ವಸ್ತುವಲ್ಲ ಅದು, ಮನೆಯ ಪ್ರೀತಿ. ಮನೆಯೇ ಹೋದ ಮೇಲೆ ಆ ವಿದ್ಯೆಗೆ ಪೇಟೆಯಲ್ಲಿ ಬೆಲೆ ಸಿಗಬೇಕಾಯಿತು. ಕೆಲಸವಿದೆ, ಕೊಳ್ಳುವವರೂ ಇದ್ದಾರೆ, ನಡುವೆ ದಲ್ಲಾಳಿ ತಿನ್ನದ ಒಂದು ಅಂಗಡಿ ಬೇಕು ಎಂಬ ಲೆಕ್ಕ ಇಲ್ಲಿಂದ ಬಂತು. ದೆಹಲಿಯ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಸರ್ಕಾರದ ಕೈಯಲ್ಲಿ ಕುಂಟುತ್ತಿದ್ದಾಗ 1952ರಲ್ಲಿ ಕಮಲಾದೇವಿಯವರ ಸಹಕಾರ ಸಂಘ ಅದನ್ನು ವಹಿಸಿಕೊಂಡು ನಡೆಸಿತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾಗಿ, ಅದರ ಚುಕ್ಕಾಣಿಯೂ ಅವರ ಕೈಗೆ ಬಂತು.

ಮುಂದಿನ ಹದಿನೈದು ವರ್ಷ ಅವರು ದೇಶವನ್ನೆಲ್ಲ ಸುತ್ತಿದರು. ರೈಲು, ಜೀಪು, ಎತ್ತಿನ ಗಾಡಿ ಯಾವುದಾದರೂ ಸರಿ. ಒಂದೊಂದು ಹಳ್ಳಿಯಲ್ಲಿ ಒಬ್ಬನೇ ಮುದುಕ ಬಲ್ಲ ವಿದ್ಯೆ ಇರುತ್ತಿತ್ತು. ಅವನು ಸತ್ತರೆ ಅದೂ ಸತ್ತಂತೆ. ಅಂಥವರನ್ನು ಹುಡುಕಿ, ಹತ್ತಿರ ನಾಲ್ಕು ಹುಡುಗರನ್ನು ಕೂರಿಸಿ, ಕಲಿಯುವವರಿಗೆ ವೇತನ ಕೊಡಿಸುವುದು ಅವರ ಕ್ರಮ. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಕಲಂಕಾರಿ ಹೀಗೆ ಉಳಿಯಿತು. ಬೆಂಗಳೂರು ಸೇರಿದಂತೆ ದೊಡ್ಡ ನಗರಗಳಲ್ಲಿ ಮಂಡಳಿಯ ವಿನ್ಯಾಸ ಕೇಂದ್ರಗಳು ಬಂದವು. 1965ರಿಂದ ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿ ಕೊಡುವ ಪದ್ಧತಿ ಆರಂಭವಾಯಿತು. ಅಲ್ಲಿಯವರೆಗೆ ನೇಕಾರ, ಕಸೂತಿಗಾರ್ತಿ ಎಂದರೆ ಹೆಸರಿಲ್ಲದ ಕೂಲಿ.

ಇದನ್ನು ನಮ್ಮ ಸೀಮೆಗೆ ತಂದು ನೋಡಿದರೆ ಆ ಓಡಾಟದ ಬೆಲೆ ತಿಳಿಯುತ್ತದೆ. ನಮ್ಮ ಕಡೆಯ ಮದುಮಗಳಿಗೂ ಒಂದು ಉಡುಪಿನ ಸಂಪ್ರದಾಯವಿತ್ತು: ಕಪ್ಪು ಚಂದ್ರಕಾಳಿ ಸೀರೆ, ಅದರ ಮೇಲೆ ಕಸೂತಿ, ಗುಳೇದಗುಡ್ಡದ ಖಣದ ಕುಬಸ. ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ತೇರು, ಗೋಪುರ, ತುಳಸಿಕಟ್ಟೆ, ಆನೆ ಮೂಡಬೇಕು. ಗವಂತಿಯಲ್ಲಿ ಗಂಟು ಹಾಕದೆ, ಎರಡೂ ಬದಿಗೆ ಒಂದೇ ರೀತಿ ಕಾಣಬೇಕು. ಎಳೆ ಎಣಿಸುವ ಮಟ್ಟಿಗೆ ಪಂಜಾಬಿನ ಅಜ್ಜಿಗೂ ಧಾರವಾಡದ ಅಜ್ಜಿಗೂ ಲೆಕ್ಕ ಒಂದೇ. ಇಳಕಲ್ ಸೀರೆಯಲ್ಲಿ ಹತ್ತಿ ಒಡಲಿನ ಹಾಸಿಗೆ ರೇಷ್ಮೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಒಂದೊಂದೇ ಎಳೆ ಜೋಡಿಸುತ್ತಾರೆ. ಆಮೇಲೆ ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ನೇಯಬೇಕು. ಇದಕ್ಕೆಲ್ಲ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೆ ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ನಿಮಿಷಕ್ಕೆ ನೂರಾರು ಹೊಲಿಗೆ ಹಾಕಿ, ಅದನ್ನೇ ಕಸೂತಿ ಎಂದು ಮಾರುತ್ತದೆ. ಪವರ್‌ಲೂಮ್ ಸೀರೆಗೂ ಇಳಕಲ್ ಎಂಬ ಹೆಸರು ಅಂಟಿಕೊಳ್ಳುತ್ತದೆ. ಕಡಿಮೆ ದುಡ್ಡಿಗೆ ಕೊಳ್ಳುವವರನ್ನು ನಾನು ದೂರುವುದಿಲ್ಲ. ನಮ್ಮಲ್ಲಿ ಬಹಳ ಮಂದಿಯ ಕಿಸೆ ಅಷ್ಟೇ ಇರುವುದು. ಕೈಕೆಲಸದ ದರ ಹೇಳಿ ಮಷಿನ್ ಮಾಲು ಕೊಡುವುದು ಮಾತ್ರ ಮೋಸ, ಅದು ಶರಾರಾ ಆಗಲಿ ಸೀರೆಯಾಗಲಿ.

ಕಮಲಾದೇವಿ ಮಗ್ಗವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಿದವರಲ್ಲ. ಹಳೆಯ ಕುಸುರಿಗೆ ಹೊಸ ಬಳಕೆ ಹುಡುಕುವುದು, ಹೊಸ ಗಿರಾಕಿಯನ್ನು ತರುವುದು ಅವರ ದಾರಿ. ಅವರು ಇಂದು ಇದ್ದಿದ್ದರೆ ಘರಾರಾ ಕೇಳುವ ಹುಡುಗಿಯನ್ನು ಬೈಯುತ್ತಿರಲಿಲ್ಲ ಎಂದೇ ನನ್ನ ಊಹೆ. ಆ ಘರಾರಾದ ಅಂಚಿಗೆ ಗೋಪುರದ ಕಸೂತಿ ಯಾಕಿರಬಾರದು, ಕುರ್ತಾದ ತೋಳಿಗೆ ಖಣ ಯಾಕಾಗಬಾರದು ಎಂದು ಕೇಳುತ್ತಿದ್ದರೇನೋ. ಈಗಾಗಲೇ ಹುಬ್ಬಳ್ಳಿ, ಧಾರವಾಡದಲ್ಲಿ ಖಣದ ಕುರ್ತಾ, ಇಳಕಲ್ ಸೀರೆಯ ಉದ್ದನೆಯ ಫ್ರಾಕ್ ಹೊಲಿಸುವವರಿದ್ದಾರೆ. ನಮ್ಮ ತಾಂಡಾಗಳಲ್ಲಿ ಕನ್ನಡಿ, ಕವಡೆ ಹಚ್ಚುವ ಲಂಬಾಣಿ ಕಸೂತಿ ಬಲ್ಲ ತಾಯಂದಿರು ಇನ್ನೂ ಇದ್ದಾರೆ. ಅವರ ಹೆಣ್ಣುಮಕ್ಕಳು ಡಿಗ್ರಿ ಮುಗಿಸಿ ನಮ್ಮ ಹಾಗೆಯೇ ಅರ್ಜಿ ತುಂಬುತ್ತಿದ್ದಾರೆ. ಅವ್ವ ಬಲ್ಲ ಹೊಲಿಗೆಯನ್ನು ಬಯೋಡೇಟಾದಲ್ಲಿ ಕೌಶಲ ಎಂದು ಬರೆಯಬಹುದು ಎಂದು ಅವರಿಗೆ ಯಾರೂ ಹೇಳಿಲ್ಲ. ಜಾನಪದ ವಿಶ್ವವಿದ್ಯಾಲಯ ಇರುವುದು ಬೇರೆಲ್ಲೂ ಅಲ್ಲ, ನಮ್ಮದೇ ತಾಲ್ಲೂಕಿನ ಗೊಟಗೋಡಿಯಲ್ಲಿ.

ಕರಕುಶಲದ ಜೊತೆಗೆ ನಾಟಕ, ನೃತ್ಯವನ್ನೂ ಅವರು ಕೈಬಿಡಲಿಲ್ಲ. ಮಾಯಾ ರಾವ್ ಅವರ ಜೊತೆ ಸೇರಿ ಕಥಕ್ ಮತ್ತು ನೃತ್ಯ ಸಂಯೋಜನೆಯ ಸಂಸ್ಥೆ ಕಟ್ಟಿದರು. 1955ರಲ್ಲಿ ಪದ್ಮಭೂಷಣ, 1987ರಲ್ಲಿ ಪದ್ಮವಿಭೂಷಣ ಬಂತು. ಎಂಬತ್ತು ದಾಟಿದ ಮೇಲೆ, 1986ರಲ್ಲಿ ಆತ್ಮಕಥೆ ಪ್ರಕಟಿಸಿದರು. 1988ರ ಅಕ್ಟೋಬರ್ 29ರಂದು ಮುಂಬೈಯಲ್ಲಿ ತೀರಿಕೊಂಡರು.

ಅವರು ಕಟ್ಟಿ ಬೆಳೆಸಿದ ಮಂಡಳಿಯ ಕೆಲಸವನ್ನು ಇಂದು ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ನಡೆಸುತ್ತದೆ. ಕೈಕಸುಬು ಬಲ್ಲವರಿಗೆ ಪೆಹಚಾನ್ ಎಂಬ ಗುರುತಿನ ಚೀಟಿ ಕೊಡುವುದು ಅದೇ ಕಚೇರಿ. ಮಹಿಳಾ ನೇಕಾರರು ಮತ್ತು ಕುಶಲಕರ್ಮಿಗಳಿಗಾಗಿಯೇ ಇರುವ ರಾಷ್ಟ್ರ ಪ್ರಶಸ್ತಿಗೆ ಕಮಲಾದೇವಿಯವರ ಹೆಸರಿಟ್ಟಿದ್ದಾರೆ. ನಮ್ಮ ತಾಂಡಾದ ತಾಯಂದಿರು, ಇಳಕಲ್ಲಿನ ಮಗ್ಗದ ಹೆಣ್ಣುಮಕ್ಕಳು ಅರ್ಜಿ ಹಾಕಬಹುದಾದ ಪ್ರಶಸ್ತಿ ಅದು. ಅರ್ಜಿ ತುಂಬಿಕೊಡಲು ಓದಿದ ಒಬ್ಬರು ಜೊತೆಗಿದ್ದರೆ ಸಾಕು.